ಗಾಡಿ ಸೇಬು, ರಾಗಿ ಹುರಿಹಿಟ್ಟು: ಮಾರನೇ ದಿನಕ್ಕೂ ಗರಿಗರಿ ಉಳಿಯುವ ಆ್ಯಪಲ್ ಕ್ರಿಸ್ಪ್ (ನನ್ನ ಅನುಭವ)

"ಗ್ರ್ಯಾನಿ ಸ್ಮಿತ್ ಇಲ್ಲದೆ ಕ್ರಿಸ್ಪ್ ಮಾಡೋಕೆ ಹೋಗಬೇಡಿ." "ರಾಗಿ ಹಾಕಿದ್ರೆ ಬಾಯಲ್ಲಿ ಬರೀ ಮರಳು." ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಯಲ್ಲಿ ಬೇಕಿಂಗ್ ಮಾಡುವವರಲ್ಲಿ ಈ ಎರಡು ಮಾತು ಕೇಳದವರು ಕಡಿಮೆ. (ಕ್ರಿಸ್ಪ್ ಅಂದರೆ ಸೇಬಿನ ಹೋಳಿನ ಮೇಲೆ ಬೆಣ್ಣೆ, ಹಿಟ್ಟು, ಸಕ್ಕರೆಯ ಗರಿಗರಿ ಪುಡಿಯುಂಡೆ, ಅಂದರೆ ಟಾಪಿಂಗ್, ಉದುರಿಸಿ ಬೇಕ್ ಮಾಡುವ ಸಿಹಿ. ಗ್ರ್ಯಾನಿ ಸ್ಮಿತ್ ಅಂದರೆ ಹಸಿರು ಬಣ್ಣದ ಹುಳಿ ಸೇಬು.) ಎರಡು ಮಾತೂ ತಪ್ಪು. ಕೋಲಾರದ ತಳ್ಳುಗಾಡಿಯಲ್ಲಿ ಸಿಗುವ ಸೇಬು, ರಾಗಿ ಹುರಿಹಿಟ್ಟು, ಕಡಲೆಕಾಯಿ ಬೀಜ ಹಾಕಿ ಮಾಡಿದ ಕ್ರಿಸ್ಪ್ ಈಗ ಮಾರನೇ ದಿನ ಸಂಜೆಗೂ ಕರುಂ ಎನ್ನುತ್ತದೆ. ಆಗಲ್ಲ ಅಂದವರೇ ಈಗ ಆರ್ಡರ್ ಕೊಡುತ್ತಿದ್ದಾರೆ. ಆದ್ದರಿಂದ ವಿಧಾನ ಬರೆಯುತ್ತಿದ್ದೇನೆ. ಓಟಿಜಿ (ಕರೆಂಟಿನ ಬೇಕಿಂಗ್ ಒಲೆ, ಮುಂದೆ ಬರೀ ಒಲೆ ಅಂದರೂ ಇದೇ), ತಕ್ಕಡಿ, ಬೆಣ್ಣೆ ಉಜ್ಜುವ ರೀತಿ ಎಲ್ಲ ನಿಮಗೆ ಗೊತ್ತಿರುವುದೇ. ಕೆಡುವ ಜಾಗಗಳನ್ನಷ್ಟೇ ಹಿಡಿದು ಹೇಳುತ್ತೇನೆ.

ಮೊದಲು ಸೇಬು. ನಮ್ಮ ಕಡೆ ಆಗಸ್ಟ್‌ನಿಂದ ರಾಶಿ ಬೀಳುವುದು ಶಿಮ್ಲಾದ ರಾಯಲ್ ಡೆಲಿಶಿಯಸ್. ತಿನ್ನಲು ಚೆನ್ನ, ಬೇಯಿಸಲು ಕಷ್ಟ: ಹುಳಿ ಕಡಿಮೆ, ಬೆಂದರೆ ಹಿಟ್ಟು ಹಿಟ್ಟಾಗಿ ಕರಗಿಹೋಗುತ್ತದೆ. ಅದೇ ಗಾಡಿಯ ಮೂಲೆಯಲ್ಲಿ ಹಳದಿ ಸೇಬು ಇರುತ್ತದೆ, ಗೋಲ್ಡನ್ ಡೆಲಿಶಿಯಸ್. ಕೆಂಪಿಲ್ಲ ಅಂತ ಜನ ಮುಟ್ಟುವುದಿಲ್ಲ, ಕಿಲೋಗೆ ಮೂವತ್ತು ನಲವತ್ತು ರೂಪಾಯಿ ಕಡಿಮೆಗೂ ಕೊಡುತ್ತಾರೆ. ಬೇಕಿಂಗ್‌ನಲ್ಲಿ ಇದು ಕೆಂಪು ಸೇಬಿಗಿಂತ ಎಷ್ಟೋ ಚೆನ್ನಾಗಿ ಆಕಾರ ಉಳಿಸಿಕೊಳ್ಳುತ್ತದೆ. ನನ್ನ ಅಳತೆ ಮೂರು ಪಾಲು ಗೋಲ್ಡನ್, ಒಂದು ಪಾಲು ರಾಯಲ್. ರಾಯಲ್ ಕರಗಿ ಗಸಿಯಾಗುತ್ತದೆ, ಗೋಲ್ಡನ್ ತುಂಡಾಗಿ ನಿಲ್ಲುತ್ತದೆ. ಅಕ್ಟೋಬರ್ ನಂತರ ಬರುವ ಕಿನ್ನೌರ್ ಸೇಬು ಸಿಕ್ಕರೆ ಅದೊಂದೇ ಸಾಕು, ಗಟ್ಟಿ ಇರುತ್ತದೆ. ಹೆಬ್ಬೆರಳಿಂದ ಒತ್ತಿದಾಗ ಗುಳಿ ಬೀಳುವ ಹಣ್ಣು ಎಷ್ಟು ಅಗ್ಗ ಸಿಕ್ಕರೂ ಬೇಡ.

ಕ್ರಿಸ್ಪ್ ಕೆಡುವುದು ನೀರಿನಿಂದ. ಸೇಬಿನಲ್ಲಿ ನೂರಕ್ಕೆ 85ರಷ್ಟು ನೀರು. ಹಸಿ ಹೋಳಿನ ಮೇಲೆ ಟಾಪಿಂಗ್ ಉದುರಿಸಿ ಒಲೆಗಿಟ್ಟರೆ ಆ ನೀರು ಆವಿಯಾಗಿ ಮೇಲೆದ್ದು ಟಾಪಿಂಗನ್ನು ಅಡಿಯಿಂದ ಬೇಯಿಸಿಬಿಡುತ್ತದೆ. ಮೇಲೆ ಅರ್ಧ ಇಂಚು ಗರಿ, ಕೆಳಗೆ ಗಂಜಿ. ಕಾರ್ನ್‌ಫ್ಲೋರ್ ಜಾಸ್ತಿ ಹಾಕಿ ನೋಡಿದೆ, ಅಂಟಂಟು. ಸಕ್ಕರೆ ಕಡಿಮೆ ಮಾಡಿ ನೋಡಿದೆ, ಸಪ್ಪೆ. ಹೋಳು ದಪ್ಪ ಮಾಡಿದರೆ ನಡುವೆ ಹಸಿ. ಹೀಗೆ ಹಾಳಾದ ಟ್ರೇಗಳಿಗೆ ಬೆಣ್ಣೆ, ಸೇಬು ಸೇರಿ ಮೂರು ಮೂರೂವರೆ ಸಾವಿರ ಹೋಗಿದೆ. ಕೆಲಸ ಮಾಡಿದ್ದು ಒಂದೇ: ಒಲೆಗೆ ಹೋಗುವ ಮೊದಲೇ ಸೇಬಿನ ನೀರು ತೆಗೆದು, ಬತ್ತಿಸಿ, ಮತ್ತೆ ಸೇಬಿಗೇ ಸೇರಿಸುವುದು.

9 ಇಂಚಿನ ಚೌಕ ಗಾಜಿನ ಪಾತ್ರೆಗೆ 1.2 ಕಿಲೋ ಸೇಬು ತೊಗೊಳ್ಳಿ. ಸಿಪ್ಪೆ, ಬೀಜ ತೆಗೆದರೆ 900 ಗ್ರಾಂ ಚಿಲ್ಲರೆ ಉಳಿಯುತ್ತದೆ. ಒಂದೂವರೆ ಸೆಂಟಿಮೀಟರ್ ಹೋಳು. 80 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಅಗಲವಾದ ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಕುದಿಯಬಾರದು. ಅಡುಗೆ ಥರ್ಮಾಮೀಟರ್ ಇದ್ದರೆ 60ರಿಂದ 70 ಡಿಗ್ರಿ ನಡುವೆ ನಿಲ್ಲಿಸಿ. ಇಲ್ಲದಿದ್ದರೆ ಮುಚ್ಚಳ ತೆಗೆದಾಗ ಆವಿ ಬರಬೇಕು, ಒಂದೂ ಗುಳ್ಳೆ ಏಳಬಾರದು. ಈ ಕಾವಿನಲ್ಲಿ ಸೇಬಿನೊಳಗಿನ ಒಂದು ಕಿಣ್ವ, ಹೋಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಶವನ್ನು ಬಿಗಿ ಮಾಡುತ್ತದೆ. ಆಮೇಲೆ 180ರಲ್ಲಿ ಬೆಂದರೂ ಹೋಳು ಸುಲಭಕ್ಕೆ ಕರಗುವುದಿಲ್ಲ. ಅವಸರಕ್ಕೆ ಉರಿ ಏರಿಸಿದರೆ ಕಿಣ್ವ ಸತ್ತು ಹೋಳು ನೇರ ಮುದ್ದೆಯಾಗುತ್ತದೆ. ಇಡೀ ಅಡುಗೆಯಲ್ಲಿ ಕಣ್ಣು ಬಿಟ್ಟು ಕಾಯಬೇಕಾದ ಹೊತ್ತು ಇದೇ.

ಆಮೇಲೆ ಜರಡಿಗೆ ಸುರಿಯಿರಿ. ಸುಮಾರು ಮುಕ್ಕಾಲು ಲೋಟ ರಸ ಇಳಿಯುತ್ತದೆ. ಅದನ್ನು ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಬತ್ತಿಸಿ. ಮೊದಲು ದೊಡ್ಡ ನೊರೆ ಬರುತ್ತದೆ, ಆಮೇಲೆ ನೊರೆ ಸಣ್ಣದಾಗಿ ಹೊಳಪು ಬರುತ್ತದೆ, ಸೌಟು ಎಳೆದ ಜಾಗದಲ್ಲಿ ತಳ ಒಂದು ಕ್ಷಣ ಕಾಣುತ್ತದೆ. ಅಲ್ಲಿ ನಿಲ್ಲಿಸಿ. ಒಂದೆಳೆ ಪಾಕಕ್ಕೆ ಬಿಡಬೇಡಿ, ಆರಿದಾಗ ಟಾಫಿಯಾಗುತ್ತದೆ. 10 ಗ್ರಾಂ ಕಾರ್ನ್‌ಫ್ಲೋರ್ ಅನ್ನು ಎರಡು ಚಮಚ ತಣ್ಣೀರಲ್ಲಿ ಕದಡಿ ಹಾಕಿ, ಒಂದು ಕುದಿ ಬಂದ ಮೇಲೆ ಚಕ್ಕೆ ಪುಡಿ ಮುಕ್ಕಾಲು ಟೀ ಚಮಚ. ಚಕ್ಕೆಯ ಜೊತೆ ಇನ್ನೊಂದು ಪುಡಿ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಹೋಳುಗಳನ್ನು ಇದರಲ್ಲಿ ಹೊರಳಿಸಿ ಪೂರ್ತಿ ಆರಲು ಬಿಡಿ. ಬಿಸಿ ಸೇಬಿನ ಮೇಲೆ ಟಾಪಿಂಗ್ ಬಿದ್ದರೆ ಬೆಣ್ಣೆ ಒಲೆಗೆ ಹೋಗುವ ಮೊದಲೇ ಕರಗುತ್ತದೆ.

ಬೂದುಗುಂಬಳದ ಪೇಠಾಗೆ ಮಾಡುವಂತೆ ಸುಣ್ಣದ ತಿಳಿನೀರಲ್ಲಿ ಸೇಬಿನ ಹೋಳು ನೆನೆಸಿಯೂ ನೋಡಿದೆ. ಹೋಳು ಗಟ್ಟಿಯಾಗುತ್ತದೆ, ನಿಜ. ಆದರೆ ಸುಣ್ಣದಲ್ಲಿ ಸೇಬು ಬೇಗ ಕಂದುತ್ತದೆ, ನಾಲ್ಕು ನೀರಲ್ಲಿ ತೊಳೆದರೂ ಚರ್ಮದಂಥ ಹೊರಪದರ ಉಳಿಯುತ್ತದೆ. ಕೈಬಿಟ್ಟೆ.

ಇನ್ನು ಟಾಪಿಂಗ್. ರಾಗಿ ಹಿಟ್ಟು ಬೇರೆ, ಹುರಿಹಿಟ್ಟು ಬೇರೆ. ಗಿರಣಿಯ ಹಸಿ ರಾಗಿ ಹಿಟ್ಟು ಹಾಕಿದವರಿಗೇ ಮರಳು ಸಿಕ್ಕಿದ್ದು, ಏಕೆಂದರೆ ಬೆಣ್ಣೆ ಸಕ್ಕರೆಯ ನಡುವೆ ಅದು ಬೇಯಲು ನೀರೇ ಇರುವುದಿಲ್ಲ. ಹುರಿಹಿಟ್ಟು ರಾಗಿ ಅರಳು ಮಾಡಿ ಬೀಸಿದ್ದು, ಆಗಲೇ ಬೆಂದಿರುತ್ತದೆ, ಘಮವೂ ಇರುತ್ತದೆ. ಅದಕ್ಕಿರುವ ಒಂದೇ ತೊಂದರೆ ಎಂದರೆ ನೀರು ಕಂಡರೆ ಹೀರಿ ಮೆತ್ತಗಾಗುವುದು. ಹಾಗಾಗಿ ಮೊದಲು ಬೆಣ್ಣೆಗೆ ಹುರಿಹಿಟ್ಟನ್ನಷ್ಟೇ ಹಾಕಿ ಉಜ್ಜಿ. ಕಣಕಣಕ್ಕೂ ಜಿಡ್ಡು ಹತ್ತಿದ ಮೇಲೆ ಉಳಿದದ್ದು ಸೇರಿಸಿ. ಎಲ್ಲವನ್ನೂ ಒಟ್ಟಿಗೆ ಸುರಿದು ಉಜ್ಜಿದರೆ ಬೆಣ್ಣೆಯನ್ನು ಮೈದಾ ಎಳೆದುಕೊಳ್ಳುತ್ತದೆ, ಹುರಿಹಿಟ್ಟು ಒಣಗೇ ಉಳಿದು ಆಮೇಲೆ ಆವಿ ಕುಡಿಯುತ್ತದೆ.

ಅಳತೆ: ತಣ್ಣಗಿನ ಬೆಣ್ಣೆ 110 ಗ್ರಾಂ, ಹುರಿಹಿಟ್ಟು 50, ಮೈದಾ 70, ರೋಲ್ಡ್ ಓಟ್ಸ್ 70, ಸಕ್ಕರೆ 50, ಬೆಲ್ಲದ ಪುಡಿ 50, ಹುರಿದು ಸಿಪ್ಪೆ ಹಾರಿಸಿ ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ 50. ಪ್ಯಾಕೆಟ್ಟಿನ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮೈದಾ ಪೂರ್ತಿ ಬಿಟ್ಟು ರಾಗಿಯೊಂದರಲ್ಲೇ ಮಾಡುವ ಆಸೆ ಬೇಡ. ಉಂಡೆ ಹಿಡಿಯಲು ಮೈದಾದ ಅಂಟು ಬೇಕು. ಬೆಲ್ಲವೊಂದನ್ನೇ ಹಾಕಿದರೂ ಕೆಡುತ್ತದೆ: ಬೆಲ್ಲ ಗಾಳಿಯ ತೇವ ಎಳೆಯುತ್ತದೆ, ಬೇಗ ಕಪ್ಪಾಗುತ್ತದೆ. ಗರಿಗೆ ಸಕ್ಕರೆ, ರುಚಿಗೆ ಬೆಲ್ಲ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಬೇಗ ಬೇಯುವ ಪುಡಿ ಓಟ್ಸ್ ಅಂಟಾಗುತ್ತದೆ. ಅದರ ಬದಲು ಪೇಪರ್ ಅವಲಕ್ಕಿ ಪ್ರಯತ್ನಿಸಿದೆ. ಒಲೆಯಿಂದ ತೆಗೆದಾಗ ಅದ್ಭುತ, ಒಂದು ಗಂಟೆಯಲ್ಲಿ ಸತ್ತಿತು. ಗಟ್ಟಿ ಅವಲಕ್ಕಿ ಹಲ್ಲು ಮುರಿಯುವಷ್ಟು ಗಟ್ಟಿ. ಬೆಣ್ಣೆಯ ಜಾಗದಲ್ಲಿ ತುಪ್ಪ ಹಾಕುವುದಾದರೆ 85 ಗ್ರಾಂ ಸಾಕು, ಗರಿ ಇನ್ನೂ ಹೆಚ್ಚು, ಆದರೆ ಉಂಡೆ ನಿಲ್ಲುವುದಿಲ್ಲ. ಕಡಲೆಕಾಯಿಗೆ ಕುಟ್ಟುವ ಮೊದಲು ಕೊಡುವ ಒಂದು ಸಣ್ಣ ಉಪಚಾರವಿದೆ, ಅದನ್ನೂ ಸದ್ಯಕ್ಕೆ ಹೇಳುವುದಿಲ್ಲ. ಅದಿಲ್ಲದೆಯೂ ಕ್ರಿಸ್ಪ್ ಚೆನ್ನಾಗೇ ಬರುತ್ತದೆ.

ಈ ಟಾಪಿಂಗನ್ನು ನೇರ ಸೇಬಿನ ಮೇಲೆ ಹಾಕುವಂತಿಲ್ಲ. ಕೈಯಲ್ಲಿ ಹಿಸುಕಿ ಕಡಲೆಕಾಳಿನಿಂದ ಅಡಿಕೆ ಗಾತ್ರದವರೆಗೆ ಉಂಡೆ ಮಾಡಿ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು, ಟ್ರೇಯಲ್ಲಿ ಹರಡಿ 180ರಲ್ಲಿ 12ರಿಂದ 14 ನಿಮಿಷ ಒಂಟಿಯಾಗಿ ಬೇಯಿಸಿ. ರಾಗಿ ಮೊದಲೇ ಕಂದು, ಹಾಗಾಗಿ ಬಣ್ಣ ನೋಡಿ ಹದ ತಿಳಿಯುವುದಿಲ್ಲ. ಓಟ್ಸ್ ಅಂಚು ನೋಡಿ, ಉಂಡೆಯ ಹೊರಮೈ ಒಣಗಿರಬೇಕು. ಆರಿದ ಮೇಲೆ, ಗಾಜಿನ ಪಾತ್ರೆಗೆ ಹಾಕಿದ ಸೇಬಿನ ಮೇಲೆ ಒತ್ತದೆ ಉದುರಿಸಿ, ನಡು ಕಂಬಿಯಲ್ಲಿ 180ಕ್ಕೆ 25ರಿಂದ 30 ನಿಮಿಷ. ಅಂಚಿನಲ್ಲಿ ಗುಳ್ಳೆ ಚುರುಕಾಗಿ ಒಡೆಯುತ್ತಿದ್ದರೆ ಇನ್ನೂ ನೀರಿದೆ ಅಂತ. ನಿಧಾನಕ್ಕೆ, ಭಾರವಾಗಿ ಉಬ್ಬಿ ಒಡೆದರೆ ಆಯಿತು. ಹೊರಗೆ ತೆಗೆದು ಕನಿಷ್ಠ ಮುಕ್ಕಾಲು ಗಂಟೆ ಮುಟ್ಟಬೇಡಿ. ಗಾಜಿನ ಪಾತ್ರೆಯನ್ನು ಫ್ರಿಜ್ಜಿನಿಂದ ನೇರ ಬಿಸಿ ಒಲೆಗಿಟ್ಟರೆ ಸೀಳುತ್ತದೆ, ಎಲ್ಲರಿಗೂ ಗೊತ್ತಿದ್ದರೂ ಮತ್ತೆ ಹೇಳುತ್ತೇನೆ.

ಓಟಿಜಿ ಬಗ್ಗೆ ಎರಡು ಮಾತು. ಗುಂಡಿ ತೋರಿಸುವ 180ನ್ನು ನಂಬಬೇಡಿ, ಒಳಗೆ ಥರ್ಮಾಮೀಟರ್ ತೂಗುಹಾಕಿ. ನನ್ನ 28 ಲೀಟರಿನದು ಮಧ್ಯಾಹ್ನ 180, ಅದೇ ಗುಂಡಿಯಲ್ಲಿ ಸಂಜೆ ಏಳಕ್ಕೆ 155 ದಾಟುವುದಿಲ್ಲ. ಕಾರಣ ವೋಲ್ಟೇಜು: 230 ಬರಬೇಕಾದಲ್ಲಿ 200 ಬಂದರೆ ರಾಡ್‌ನ ಶಕ್ತಿ ಮುಕ್ಕಾಲಿಗೆ ಇಳಿಯುತ್ತದೆ. ಕಾವು ಸಾಲದಿದ್ದರೆ ಬೆಣ್ಣೆ ಕರಗಿ ಹರಿಯುತ್ತದೆ, ಹಿಟ್ಟು ಮಾತ್ರ ಗಟ್ಟಿಯಾಗುವುದಿಲ್ಲ, ಟಾಪಿಂಗ್ ಚಪ್ಪಟೆ ರೊಟ್ಟಿಯಾಗುತ್ತದೆ. ಹಳ್ಳಿ ಲೈನಿನವರು ಬೇಕಿಂಗನ್ನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಮುಗಿಸಿ. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಟಾಪಿಂಗ್ ಮೊದಲೇ ಬೆಂದಿರುವುದರಿಂದ ಕಾಲು ಗಂಟೆ ಹೋದರೂ ಏನೂ ಆಗುವುದಿಲ್ಲ. ಪವರ್ ಕಟ್ ಇರುವ ಊರಿಗೆ ಈ ಎರಡು ಹಂತದ ಬೇಕಿಂಗ್ ಹೇಳಿ ಮಾಡಿಸಿದ್ದು.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಐದು ಹತ್ತು ಆಚೀಚೆ ಇರಬಹುದು. ಹಳದಿ ಸೇಬು ಕಿಲೋ 110ರಂತೆ 130, ಬೆಣ್ಣೆ 65, ಓಟ್ಸ್ 15, ಕಡಲೆಕಾಯಿ 8, ಹುರಿಹಿಟ್ಟು ಮೈದಾ ಸೇರಿ 10, ಸಕ್ಕರೆ ಬೆಲ್ಲ 10, ನಿಂಬೆ ಚಕ್ಕೆ 12, ಕರೆಂಟ್ ಗ್ಯಾಸ್ 15. ಒಟ್ಟು 265. ಎಂಟು ಡಬ್ಬಿಗೆ 45 ಸೇರಿಸಿ 310. ಡಬ್ಬಿ 80ರಂತೆ ಎಂಟಕ್ಕೆ 640 ಬರುತ್ತದೆ. ಇದನ್ನೇ ಗ್ರ್ಯಾನಿ ಸ್ಮಿತ್, ವಾಲ್‌ನಟ್, ಬ್ರೌನ್ ಶುಗರ್ ಹಾಕಿ ಮಾಡಿದರೆ ಸಾಮಾನಿಗೇ 500ರ ಹತ್ತಿರ ಹೋಗುತ್ತದೆ. ಆ ಬೆಲೆಗೆ ನಮ್ಮ ಊರಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಯಾವುದು ಯಾವುದೆಂದು ಹೇಳದೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೊಟ್ಟಾಗ ಹೆಚ್ಚಿನವರು ರಾಗಿಯದ್ದನ್ನೇ ಖಾಲಿ ಮಾಡಿದರು.

ಬೇರೆ ಪ್ರಯೋಗಗಳಲ್ಲಿ ಗೆದ್ದದ್ದು ಮಾವು. ಮೇ, ಜೂನ್‌ನಲ್ಲಿ ಸೇಬು ಕೋಲ್ಡ್ ಸ್ಟೋರೇಜಿನದು, ದುಬಾರಿ. ಅದೇ ಹೊತ್ತಿಗೆ ಶ್ರೀನಿವಾಸಪುರದ ತೋತಾಪುರಿ ರಾಶಿ. ದೋರೆಯಾದ ತೋತಾಪುರಿ 300 ಗ್ರಾಂ, ಸೇಬು 600 ಗ್ರಾಂ. ನಿಂಬೆ ಪೂರ್ತಿ ಬಿಡಿ, ಸಕ್ಕರೆ 100ಕ್ಕೆ ಏರಿಸಿ. ಮಾವನ್ನು ಕಾವಿಗಿಡುವ ಅಗತ್ಯವಿಲ್ಲ, ಬತ್ತಿಸಿದ ರಸದಲ್ಲಿ ಹೊರಳಿಸಿದರೆ ಸಾಕು. ಬಾದಾಮಿ ಮಾವು ಬೇಡ, ಒಲೆಯಲ್ಲಿ ಸೀಕರಣೆಯಾಗುತ್ತದೆ. ಚಿಕ್ಕಬಳ್ಳಾಪುರದ ನೀಲಿ ದ್ರಾಕ್ಷಿ ಇಡಿಯಾಗಿ ಹಾಕಿದರೆ ಬೀಜ, ದಪ್ಪ ಸಿಪ್ಪೆ, ನೀರು, ಮೂರೂ ಕಾಟ. ಆದರೆ ಅದನ್ನು ಹಿಂಡಿ ಸೋಸಿ ಅರ್ಧ ಲೋಟ ರಸವನ್ನು ಸೇಬಿನ ರಸದ ಜೊತೆ ಬತ್ತಿಸಿದರೆ ಬರುವ ಬಣ್ಣ ನೋಡಬೇಕು. ತಿಪಟೂರು ಕೊಬ್ಬರಿ ತುರಿ ಟಾಪಿಂಗಿನಲ್ಲಿ ಮೊದಲಿನಿಂದ ಇದ್ದರೆ ಸೀದುಹೋಗುತ್ತದೆ. ಕೊನೆಯ ಎಂಟು ನಿಮಿಷಕ್ಕೆ ಉದುರಿಸಿ.

ಕಳಿಸುವ ಡಬ್ಬಿಗೆ ಹಾಕುವ ಮೊದಲು ಪೂರ್ತಿ ಆರಿರಬೇಕು. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದ ಹನಿ ಎಲ್ಲ ಶ್ರಮವನ್ನೂ ನೀರು ಮಾಡುತ್ತದೆ. ಮುಚ್ಚಳಕ್ಕೆ ನಾಲ್ಕು ತೂತು ಇರಲಿ. ಬರೀ ಅಲ್ಯೂಮಿನಿಯಂ ಡಬ್ಬಿಯಲ್ಲಿ ನಿಂಬೆ ಹುಳಿ ರಾತ್ರಿಯಿಡೀ ಕೂತರೆ ಲೋಹದ ರುಚಿ ಹತ್ತುತ್ತದೆ, ತಳಕ್ಕೆ ಬಟರ್ ಪೇಪರ್ ಹಾಕಿ. ದೂರದ ಆರ್ಡರ್ ಆದರೆ ಪೂರ್ತಿ ಬೆಂದ ಟಾಪಿಂಗಿನ ಕಾಲು ಭಾಗ ಬೇರೆ ಕವರಿನಲ್ಲಿ ಕೊಡಿ, ತಿನ್ನುವಾಗ ಉದುರಿಸಿಕೊಳ್ಳಲಿ. ಮಾರನೇ ದಿನ ಬಿಸಿ ಮಾಡಲು ಮೈಕ್ರೋವೇವ್ ಬೇಡ. ಓಟಿಜಿಯಲ್ಲಿ 160ಕ್ಕೆ ಹತ್ತು ನಿಮಿಷ, ಅದಿಲ್ಲದವರು ದಪ್ಪ ಬಾಣಲೆಯಲ್ಲಿ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಸ್ಟೀಲ್ ತಟ್ಟೆಯಲ್ಲಿ ಕ್ರಿಸ್ಪ್ ಇಟ್ಟು, ಮುಚ್ಚಳ ಅರ್ಧ ತೆರೆದು ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ.