ಟ್ರೇಲರಿನ ಚಕ್ರದ ಬೇರಿಂಗ್: ಗ್ರೀಸ್ ತುಂಬುವುದಕ್ಕಿಂತ ಬಿಚ್ಚಿ ನೋಡುವುದು ಮುಖ್ಯ

ಪ್ರವಾಸಕ್ಕೆಂದು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರಿನಲ್ಲಿ ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಓಡಾಟಕ್ಕೆ ಸಂಬಂಧಿಸಿದ ಮುಖ್ಯ ಭಾಗಗಳೆಂದರೆ ಆಕ್ಸಲ್, ಬ್ರೇಕ್ ಮತ್ತು ಚಕ್ರದ ಬೇರಿಂಗ್‌ಗಳು ಮಾತ್ರ. ಕಾರಿನ ಬೇರಿಂಗ್ ಸವೆದರೆ ಅದರ ಗೊರಗೊರ ಸದ್ದು ಚಾಲಕನ ಕಿವಿಗೆ ಬೀಳುತ್ತದೆ, ಸ್ಟಿಯರಿಂಗ್ ಹಿಡಿದ ಕೈಗೆ ಅದುರುವಿಕೆ ತಿಳಿಯುತ್ತದೆ. ಟ್ರೇಲರಿನ ಬೇರಿಂಗ್ ಅಂಥ ಮುನ್ಸೂಚನೆ ಕೊಡುವುದು ಕಡಿಮೆ. ಹೊಗೆಯೋ ಓರೆಯಾದ ಚಕ್ರವೋ ಕನ್ನಡಿಯಲ್ಲಿ ಕಾಣುವ ಹೊತ್ತಿಗೆ ಸ್ಪಿಂಡಲ್ (ಚಕ್ರ ಕೂರುವ ಆಕ್ಸಲ್ ತುದಿ) ಕೂಡ ಕೆಟ್ಟಿರುತ್ತದೆ. ಆದ್ದರಿಂದ ನನ್ನ ಟ್ರೇಲರಿನ ಈ ಕೆಲಸವನ್ನು ನಾನೇ ಮಾಡುತ್ತೇನೆ, ವರ್ಷಕ್ಕೊಮ್ಮೆ ತಪ್ಪದೆ ಮಾಡುತ್ತೇನೆ. ಆಕ್ಸಲ್ ತಯಾರಕರು ಸಾಮಾನ್ಯವಾಗಿ ಹೇಳುವ ಗಡುವು 12 ತಿಂಗಳು ಅಥವಾ 12,000 ಮೈಲಿ, ಅಂದರೆ ಸುಮಾರು 19,000 ಕಿಲೋಮೀಟರ್. ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ಹೆಚ್ಚು ಓಡಿಸದವರು ಕಿಲೋಮೀಟರ್ ಲೆಕ್ಕವನ್ನಷ್ಟೇ ನೋಡಿ ಸುಮ್ಮನಾಗುವುದುಂಟು. ನಿಂತಲ್ಲೇ ನಿಂತ ಟ್ರೇಲರಿನ ಬೇರಿಂಗ್‌ಗಳಿಗೆ ತುಕ್ಕು ಹಿಡಿದಿರುವುದನ್ನು ಕಣ್ಣಾರೆ ಕಂಡಿರುವುದರಿಂದ ನಾನು ತಿಂಗಳ ಲೆಕ್ಕಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಹೆಚ್ಚಿನ ಟ್ರೇಲರುಗಳ ಪ್ರತಿ ಹಬ್ಬಿನಲ್ಲಿ (ಚಕ್ರದ ನಡುವಿನ ಗುಂಭದಲ್ಲಿ) ಎರಡು ಟೇಪರ್ ರೋಲರ್ (ಒಂದು ತುದಿಗೆ ಕಿರಿದಾಗುವ ಉರುಳೆಗಳ) ಬೇರಿಂಗ್‌ಗಳಿರುತ್ತವೆ: ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು, ಕಿರಿದಾದ ತುದಿಗಳು ಎದುರುಬದುರಾಗಿ. ನೇರವಾಗಿ ಬೀಳುವ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ಹೊರಬಲ್ಲದ್ದೆಂಬುದೇ ಈ ರಚನೆಯ ಗುಣ. ಇದಕ್ಕೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಸಾರೋಟು ಕಟ್ಟುವ ವೃತ್ತಿಯವರಾಗಿದ್ದರು ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ, ಏಕೆಂದರೆ ನಮ್ಮ ಟ್ರೇಲರೂ ಎಳೆಸಿಕೊಂಡು ಹೋಗುವ ಗಾಡಿಯೇ.

ಈಗಿನ ಅನೇಕ ಆಕ್ಸಲ್‌ಗಳಲ್ಲಿ ಸ್ಪಿಂಡಲ್ ತುದಿಗೇ ಗ್ರೀಸ್ ನಿಪ್ಪಲ್ ಇರುತ್ತದೆ. ರಬ್ಬರ್ ಮುಚ್ಚಳ ತೆಗೆದು ಗ್ರೀಸ್ ಗನ್ ಒತ್ತಿದರೆ ಹೊಸ ಗ್ರೀಸ್ ಸ್ಪಿಂಡಲ್ಲಿನ ರಂಧ್ರದ ಮೂಲಕ ಹಿಂದಕ್ಕೆ ಹೋಗಿ, ಒಳ ಬೇರಿಂಗನ್ನೂ ಹೊರ ಬೇರಿಂಗನ್ನೂ ದಾಟಿ, ಹಳೆಯದನ್ನು ಮುಂದಕ್ಕೆ ನೂಕುತ್ತದೆ. ಇದು ಅನುಕೂಲವೆಂಬುದನ್ನು ಒಪ್ಪುತ್ತೇನೆ. ಆದರೆ ವರ್ಷದ ಕೆಲಸ ಇಷ್ಟರಿಂದ ಮುಗಿಯಿತೆಂಬುದನ್ನು ಒಪ್ಪುವುದಿಲ್ಲ. ಚಕ್ರವನ್ನು ತಿರುಗಿಸದೆ ಜೋರಾಗಿ ಒತ್ತಿದರೆ ಗ್ರೀಸ್ ಹಿಂಬದಿಯ ಸೀಲನ್ನು ದಾಟಿ ಬ್ರೇಕ್ ಲೈನಿಂಗಿನ ಮೇಲೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಟ್ಟಿರುವ ಬೇರಿಂಗಿಗೆ ಎಷ್ಟು ಗ್ರೀಸ್ ತುಂಬಿದರೂ ಅದು ಕೆಟ್ಟದ್ದಾಗಿಯೇ ಉಳಿಯುತ್ತದೆ, ಮತ್ತು ತುಂಬಿದವರಿಗೆ ಅದು ತಿಳಿಯುವುದೂ ಇಲ್ಲ. ಹಬ್ ಬಿಚ್ಚುವುದು ಮೊದಲು ನೋಡುವುದಕ್ಕೆ, ಆಮೇಲೆ ಗ್ರೀಸ್ ಹಾಕುವುದಕ್ಕೆ.

ಟ್ರೇಲರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಳೆಯುವ ವಾಹನಕ್ಕೆ ಕಟ್ಟಿದಂತೆಯೇ ಬಿಟ್ಟು, ಆ ವಾಹನದ ಹ್ಯಾಂಡ್‌ಬ್ರೇಕ್ ಹಾಕಿ, ಎದುರು ಬದಿಯ ಚಕ್ರಗಳಿಗೆ ಅಡೆ ಕೊಡುತ್ತೇನೆ. ಜ್ಯಾಕನ್ನು ಆಕ್ಸಲ್ ಕೊಳವೆಯ ನಡುವೆ ಇಡುವವರನ್ನು ನೋಡಿದ್ದೇನೆ. ಆ ಕೊಳವೆ ಬಾಗಿದರೆ ಚಕ್ರದ ಓರೆಯೇ ಬದಲಾಗಿ ಟೈರುಗಳು ಒಂದೇ ಅಂಚಿನಲ್ಲಿ ಸವೆಯತೊಡಗುತ್ತವೆ. ಚಾಸಿಯ ಮೇಲೆ ತಯಾರಕರು ಗುರುತಿಸಿದ ಜಾಗಕ್ಕೆ ಜ್ಯಾಕ್ ಕೊಟ್ಟು, ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ ನಂತರವೇ ಕೈ ಹಾಕುತ್ತೇನೆ. ಚಕ್ರ ಕಳಚುವ ಮುನ್ನ ಅದನ್ನು ನಿಧಾನವಾಗಿ ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲೆ ಇಡುತ್ತೇನೆ. ಒರಟು ಬೇರಿಂಗಿನ ಕಿರುಗಂಪನ ಕಿವಿಗೆ ಕೇಳದಿದ್ದರೂ ಸ್ಪ್ರಿಂಗಿನ ಮೂಲಕ ಬೆರಳಿಗೆ ತಿಳಿಯುತ್ತದೆ.

ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ಕ್ಯಾಸಲ್ ನಟ್ (ಪಿನ್ ಕೂರಲು ತುದಿಯಲ್ಲಿ ಸೀಳುಗಳಿರುವ ನಟ್ಟು), ವಾಷರ್ ಇವೆಲ್ಲ ಬರುವ ಕ್ರಮದಲ್ಲಿಯೇ ಒಂದು ತಟ್ಟೆಗೆ ಹೋಗುತ್ತವೆ. ಪ್ರತಿ ಚಕ್ರಕ್ಕೂ ಬೇರೆ ತಟ್ಟೆ, ಅದರ ಮೇಲೆ ಎಡ ಬಲ ಎಂದು ಬರೆದ ಚೀಟಿ. ಒಂದು ಕಪ್ಪಿನ (ಹಬ್ಬಿನೊಳಗೆ ಕೂತಿರುವ ಹೊರ ಉಂಗುರದ) ಜೊತೆ ಓಡಿದ ರೋಲರುಗಳು ಮತ್ತೆ ಅದೇ ಕಪ್ಪಿಗೆ ಹೋಗಬೇಕು. ಬೆರೆಸಿದರೆ ಸವೆತದ ಗುರುತುಗಳು ಹೊಂದುವುದಿಲ್ಲ.

ಗ್ರೀಸನ್ನು ಒರೆಸುವ ಮೊದಲೇ ಅದನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ. ಬೆಳಕಿಗೆ ಹಿಡಿದಾಗ ಮಿನುಗುವ ಪುಡಿ ಕಂಡರೆ ಲೋಹ ಸವೆಯುತ್ತಿದೆ. ಕಪ್ಪಾಗಿ ಗಟ್ಟಿಯಾಗಿದ್ದರೆ ಅತಿಯಾಗಿ ಕಾದಿದೆ. ಬಣ್ಣ ಸ್ವಲ್ಪ ಮಂಕಾಗಿರುವುದು ಮಾತ್ರ ದೋಷವಲ್ಲ. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ನೂಲೆಳೆ ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡುತ್ತೇನೆ. ಉಳಿದ ಸೀಮೆಎಣ್ಣೆ ಹೊಸ ಗ್ರೀಸನ್ನು ತೆಳುವಾಗಿಸುತ್ತದೆ. ಗಾಳಿಯ ಪೈಪಿನಿಂದ ಬೇರಿಂಗನ್ನು ಗಿರಗಿರನೆ ತಿರುಗಿಸಿ ಒಣಗಿಸುವ ಅಭ್ಯಾಸ ಅಪಾಯಕಾರಿ. ಗ್ರೀಸ್ ಇಲ್ಲದೆ ಆ ವೇಗದಲ್ಲಿ ತಿರುಗಿದರೆ ಮೇಲ್ಮೈ ಹಾಳಾಗುತ್ತದೆ, ರೋಲರುಗಳು ಸಿಡಿದು ಬರಲೂಬಹುದು.

ಬೇರಿಂಗಿನ ಗುರುತುಗಳನ್ನು ಓದುವ ಕೆಲಸ ಈಗ ಆರಂಭವಾಗುತ್ತದೆ, ಅವಸರವಿಲ್ಲದೆ ಒಳ್ಳೆಯ ಬೆಳಕಿನಲ್ಲಿ ಇದಕ್ಕೇ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಒಳ್ಳೆಯ ಕಪ್ಪಿನ ಒಳಮೈ ಸುತ್ತಲೂ ಒಂದೇ ಸಮನಾದ ಬೂದು ಹೊಳಪಿನಲ್ಲಿರುತ್ತದೆ. ಉಗುರನ್ನು ಅದರ ಮೇಲೆ ಎಳೆದರೆ ಎಲ್ಲಿಯೂ ತಡೆಯಬಾರದು. ಒಂದು ಸಲ, ಬಹುಕಾಲ ಕದಲದೆ ನಿಂತಿದ್ದ ಟ್ರೇಲರೊಂದರ ಹಬ್ಬನ್ನು ಬಿಚ್ಚಿದಾಗ ಕಪ್ಪಿನ ಕೆಳಭಾಗದಲ್ಲಿ ಸಣ್ಣ ಕಂದು ಗೆರೆಗಳು ಸಾಲಾಗಿ ಕಂಡವು. ತೊಳೆದರೂ ಹೋಗಲಿಲ್ಲ. ಕೋನನ್ನು (ರೋಲರುಗಳನ್ನು ಹೊತ್ತ ಒಳ ಉಂಗುರವನ್ನು) ಕಪ್ಪಿಗೆ ಕೂರಿಸಿ ಹೋಲಿಸಿದಾಗ ಗೆರೆಯಿಂದ ಗೆರೆಗೆ ಇದ್ದ ದೂರವೂ ರೋಲರಿನಿಂದ ರೋಲರಿಗೆ ಇದ್ದ ದೂರವೂ ಒಂದೇ ಆಗಿತ್ತು. ರೋಲರುಗಳು ಕಪ್ಪಿಗೆ ತಾಗಿ ನಿಂತ ಜಾಗಗಳಲ್ಲಿ ತೇವ ಸೇರಿ ಉಕ್ಕನ್ನು ತಿಂದಿತ್ತು. ಉಗುರು ಆ ಗೆರೆಗಳ ಮೇಲೆ ಟಿಕ್ ಟಿಕ್ ಎಂದು ತಡೆದು ಸಾಗುತ್ತಿತ್ತು. ಹೊರಗಿನಿಂದ ಆ ಚಕ್ರ ಹಗುರವಾಗಿಯೇ ತಿರುಗುತ್ತಿತ್ತು, ನಿಪ್ಪಲಿನಿಂದ ಗ್ರೀಸ್ ತುಂಬಿದ್ದರೆ ಅದು ಇನ್ನೂ ಹಗುರವಾಗಿ ತಿರುಗುತ್ತಿತ್ತು. ಅಂಥ ಗೆರೆಯ ಅಂಚುಗಳಿಂದಲೇ ಮುಂದೆ ಉಕ್ಕು ಚಕ್ಕೆಯೇಳಲು ಶುರುವಾಗುತ್ತದೆ.

ರೋಲರುಗಳ ನೀಲಿ ಬಣ್ಣ ಇನ್ನೂ ಗಂಭೀರವಾದ ಗುರುತು. ಅತಿ ಬಿಸಿಯಿಂದ ಉಕ್ಕಿನ ಗಡಸುತನವೇ ಇಳಿದಿದೆ ಎಂದು ಅದರ ಅರ್ಥ, ಅದಕ್ಕೆ ಬದಲಾಯಿಸುವುದೊಂದೇ ದಾರಿ. ಹಳದಿ ಮಿಶ್ರಿತ ಕಂದು ಕಲೆ ಉಜ್ಜಿದಾಗ ಹೋದರೆ ಅದು ಬೆಂದ ಗ್ರೀಸಿನ ಕಲೆಯಷ್ಟೇ. ರೋಲರುಗಳನ್ನು ಅಂತರದಲ್ಲಿ ಹಿಡಿದಿಡುವ ಕೇಜ್ ಎಲ್ಲಿಯಾದರೂ ಜಜ್ಜಿದ್ದರೆ, ರೋಲರುಗಳು ಚೆನ್ನಾಗಿದ್ದರೂ ಆ ಬೇರಿಂಗನ್ನು ನಾನು ಮತ್ತೆ ಹಾಕುವುದಿಲ್ಲ. ಬದಲಾಯಿಸುವಾಗ ಕಪ್ಪು ಮತ್ತು ಕೋನು ಎರಡೂ ಹೊಸವಾಗಬೇಕು. ಹಳೆಯ ಕಪ್ಪನ್ನು ಹಿತ್ತಾಳೆಯ ಡ್ರಿಫ್ಟಿನಿಂದ ಎದುರುಬದುರಾಗಿ ತಟ್ಟಿ ಹೊರದೂಡಿ, ಹೊಸದನ್ನು ಓರೆಯಾಗದಂತೆ ಕೂರಿಸಬೇಕು. ಹಬ್ಬಿನ ತಳಕ್ಕೆ ಅದು ಮುಟ್ಟಿದ ಕ್ಷಣ ಸುತ್ತಿಗೆಯ ಸದ್ದು ಬದಲಾಗುತ್ತದೆ. ಹೊಸ ಬೇರಿಂಗನ್ನು ಆಕ್ಸಲ್ಲಿನ ಅಂದಾಜಿನ ಮೇಲೆ ತರದೆ, ಕೋನಿನ ಮೇಲೂ ಕಪ್ಪಿನ ಮೇಲೂ ಕೊರೆದಿರುವ ಸಂಖ್ಯೆಗಳನ್ನು ಓದಿಯೇ ತರಬೇಕು.

ಸ್ಪಿಂಡಲನ್ನು ಮರೆಯಬಾರದು. ಕೋನು ಅದರ ಮೇಲೆ ಕೈಯಿಂದಲೇ ಜಾರಿ ಕೂರಬೇಕು, ಆದರೆ ಅಲುಗಾಡಬಾರದು. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರು ತಡೆಯುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಸ್ಪಿಂಡಲ್ ಆಕ್ಸಲ್ ಕೊಳವೆಗೆ ಬೆಸೆದ ಭಾಗವಾದ್ದರಿಂದ, ಅದು ಸುಟ್ಟು ನೀಲಿಯಾಗಿದ್ದರೆ ಅಥವಾ ಬಾಗಿದ್ದರೆ ಸಾಮಾನ್ಯವಾಗಿ ಇಡೀ ಆಕ್ಸಲ್ ಬದಲಾಯಿಸಬೇಕಾಗುತ್ತದೆ. ಬೇರಿಂಗನ್ನು ಸಕಾಲದಲ್ಲಿ ಬದಲಾಯಿಸುವ ಲಾಭ ಇಲ್ಲಿದೆ.

ಗ್ರೀಸಿನ ಆಯ್ಕೆಯಲ್ಲಿ ನಾನು ಬಳಸುವುದು ಚಕ್ರದ ಬೇರಿಂಗಿಗೆ ಎಂದೇ ಹೇಳಿರುವ, ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸಿನ ಗಟ್ಟಿತನದ ಅಳತೆ) ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್. ಬೇರೆ ಬೇರೆ ಮೂಲವಸ್ತುವಿನ ಗ್ರೀಸುಗಳು ಬೆರೆತಾಗ ಕೆಲವು ತೆಳುವಾಗಿ ಹರಿದುಹೋಗುವುದರಿಂದ, ಜಾತಿ ಬದಲಾಯಿಸುವುದಾದರೆ ಹಳೆಯದರ ಕುರುಹೂ ಉಳಿಯದಂತೆ ತೊಳೆಯಬೇಕು. ಅಂಗೈಯ ಬುಡದಲ್ಲಿ ಒಂದು ಮುದ್ದೆ ಗ್ರೀಸಿಟ್ಟು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಎಳೆಯುತ್ತಾ ಹೋದರೆ, ಸ್ವಲ್ಪ ಹೊತ್ತಿನಲ್ಲಿ ರೋಲರುಗಳ ನಡುವಿನಿಂದ ಸಣ್ಣ ಸಣ್ಣ ಹುಳುಗಳಂತೆ ಅದು ಮೇಲಿನ ಅಂಚಿನಲ್ಲಿ ಹೊರಬರುತ್ತದೆ. ಸುತ್ತಲೂ ಎಲ್ಲ ರೋಲರುಗಳ ನಡುವೆಯೂ ಹಾಗೆ ಬರುವ ತನಕ ಬಿಡಬಾರದು. ಒಳ ಬೇರಿಂಗನ್ನು ಕೂರಿಸಿದ ಮೇಲೆ ಸೀಲನ್ನು ಪ್ರತಿಸಲವೂ ಹೊಸದನ್ನೇ ಹಾಕುತ್ತೇನೆ. ಚಪ್ಪಟೆ ಮರದ ತುಂಡನ್ನಿಟ್ಟು ಮೆಲ್ಲಗೆ ತಟ್ಟಿದರೆ ಅದು ಸಮವಾಗಿ ಇಳಿಯುತ್ತದೆ.

ನಟ್ ಬಿಗಿಯುವಲ್ಲಿ ಕೈಬಲಕ್ಕೆ ಕೆಲಸವಿಲ್ಲ, ಕ್ರಮಕ್ಕೆ ಕೆಲಸವಿದೆ. ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ಕ್ಯಾಸಲ್ ನಟ್ಟನ್ನು ಸುಮಾರು 50 ಅಡಿ-ಪೌಂಡ್, ಅಂದರೆ 68 ನ್ಯೂಟನ್ ಮೀಟರಿನವರೆಗೆ ಬಿಗಿಯುತ್ತೇನೆ; ಇದರಿಂದ ರೋಲರುಗಳು ತಮ್ಮ ಸ್ಥಾನಕ್ಕೆ ಕೂರುತ್ತವೆ, ನಡುವಿನ ಹೆಚ್ಚುವರಿ ಗ್ರೀಸ್ ಹೊರಬೀಳುತ್ತದೆ. ನಂತರ ಹಬ್ಬನ್ನು ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳಿನಿಂದ ಮಾತ್ರ ತಾಗುವವರೆಗೆ ಬಿಗಿದು, ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದರೆ ಸಡಿಲಿಸುವ ಕಡೆಗೆ ಒಂದಿಷ್ಟು ತಿರುಗಿಸುತ್ತೇನೆ, ಬಿಗಿಯುವ ಕಡೆಗೆ ಎಂದಿಗೂ ಇಲ್ಲ. ಪಿನ್ ಹಾಕಿದ ಮೇಲೂ ನಟ್ಟು ಬೆರಳಿಗೆ ಸ್ವಲ್ಪ ಅಲುಗಾಡಬೇಕು. ಹೀಗೆ ಉಳಿಯಬೇಕಾದ ಪ್ಲೇ (ಆಚೀಚೆ ಅಲುಗುವ ಅವಕಾಶ) 0.025ರಿಂದ 0.25 ಮಿಲಿಮೀಟರ್, ಡಯಲ್ ಗೇಜ್ ಇದ್ದರೆ ಅಳೆದು ನೋಡಬಹುದು. ಬಿಗಿಯಾಗಿದ್ದರೆ ಭದ್ರವೆಂದು ಅನೇಕರು ನಂಬುತ್ತಾರೆ, ಆದರೆ ಓಡುವಾಗ ಬಿಸಿಯಾಗಿ ಹಿಗ್ಗುವ ಬೇರಿಂಗಿಗೆ ಜಾಗವೇ ಉಳಿಯದಿದ್ದರೆ ಬಿಸಿ ಇನ್ನಷ್ಟು ಏರಿ, ಗ್ರೀಸ್ ಕರಗಿ, ಕೊನೆಗೆ ರೋಲರ್ ಸಿಕ್ಕಿಹಾಕಿಕೊಳ್ಳುತ್ತದೆ. ಅತಿಯಾದ ಸಡಿಲವೂ ಬೇಡ, ಅದರಿಂದ ಚಕ್ರ ತೂಗಾಡಿ ಸೀಲಿನ ತುಟಿ ಬೇಗ ಸವೆಯುತ್ತದೆ.

ಡ್ರಮ್ ತೆಗೆದಿರುವಾಗಲೇ ಬ್ರೇಕ್ ಶೂ, ವಿದ್ಯುತ್ ಬ್ರೇಕಾದರೆ ಅದರ ಅಯಸ್ಕಾಂತ, ತಂತಿಗಳನ್ನು ನೋಡಿಬಿಡುವುದು ಒಳ್ಳೆಯದು. ಗ್ರೀಸ್ ಹೀರಿದ ಲೈನಿಂಗನ್ನು ತೊಳೆದು ಮತ್ತೆ ಬಳಸಬಾರದು. ಆ ಆಕ್ಸಲ್ಲಿನ ಎರಡೂ ಬದಿಯ ಶೂಗಳನ್ನು ಒಟ್ಟಿಗೆ ಬದಲಾಯಿಸಬೇಕು, ಇಲ್ಲವಾದರೆ ಟ್ರೇಲರ್ ಒಂದು ಬದಿಗೆ ಎಳೆಯುತ್ತದೆ.

ಆಕ್ಸಲ್ಲಿನ ಸ್ಥಿತಿಯನ್ನು ಮೊದಲು ಹೇಳುವುದು ಟೈರು. ಎರಡೂ ಟೈರುಗಳ ಒಳ ಅಂಚು ಹೆಚ್ಚು ಸವೆದಿದ್ದರೆ ಹೆಚ್ಚಿನ ಭಾರದಿಂದ ಕೊಳವೆ ಬಾಗಿರುವ ಸಂಭವವಿದೆ, ಏಕೆಂದರೆ ಹೊಸ ಆಕ್ಸಲ್ ನಡುವೆ ತುಸು ಮೇಲಕ್ಕೆ ಕಮಾನಾಗಿಯೇ ಬರುತ್ತದೆ, ಭಾರ ಬಿದ್ದಾಗ ನೇರವಾಗುತ್ತದೆ. ಹೊರಡುವ ದಿನದ ಸಾಮಾನೆಲ್ಲ ತುಂಬಿ ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಆಕ್ಸಲ್ ಮೇಲಿನ ಫಲಕದಲ್ಲಿರುವ ಮಿತಿಯೊಂದಿಗೆ ಹೋಲಿಸುವುದನ್ನು ನಾನು ಬೇರಿಂಗಿನ ಕೆಲಸದ ಭಾಗವೆಂದೇ ಎಣಿಸುತ್ತೇನೆ. ಹಿಚ್ ಬಾಲ್ (ಟ್ರೇಲರನ್ನು ವಾಹನಕ್ಕೆ ಜೋಡಿಸುವ ಗುಂಡು) ಕೂರುವ ನಡುಬಿಂದುವಿನಿಂದ ಆಕ್ಸಲ್ಲಿನ ಎರಡು ತುದಿಗಳಿಗೆ ಟೇಪ್ ಹಿಡಿದರೆ ದೂರ ಸಮವಿರಬೇಕು. ವ್ಯತ್ಯಾಸ ಕಂಡರೆ ಯು-ಬೋಲ್ಟ್ ಸಡಿಲವೋ, ಸ್ಪ್ರಿಂಗ್ ಪಟ್ಟಿ ಮುರಿದಿದೆಯೋ ಹುಡುಕುತ್ತೇನೆ. ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್ಲಿನ ಪ್ಲಾಸ್ಟಿಕ್ ಬುಷ್‌ಗಳು ಸವೆದರೆ ಬೋಲ್ಟು ಉಕ್ಕನ್ನೇ ಉಜ್ಜಿ ರಂಧ್ರವನ್ನು ಮೊಟ್ಟೆಯಾಕಾರ ಮಾಡುತ್ತದೆ, ಹಾಗಾಗಿ ಅವನ್ನು ಕಂಚಿನ ಬುಷ್‌ಗಳಿಗೆ, ಗ್ರೀಸ್ ಹಾಕಬಲ್ಲ ಬೋಲ್ಟುಗಳಿಗೆ ಬದಲಾಯಿಸಿಕೊಂಡಿದ್ದೇನೆ.

ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ ಬಿಗಿಯುತ್ತೇನೆ. ಅರ್ಧ ಇಂಚಿನ ಸ್ಟಡ್ಡುಗಳಿಗೆ ಸಾಮಾನ್ಯ ಮಿತಿ 90ರಿಂದ 120 ಅಡಿ-ಪೌಂಡ್. ಮೊದಲ ಓಟದಲ್ಲಿ ಸುಮಾರು 15, 40 ಮತ್ತು 80 ಕಿಲೋಮೀಟರಿಗೆ ನಿಲ್ಲಿಸಿ ಅವನ್ನು ಮತ್ತೆ ಪರೀಕ್ಷಿಸುತ್ತೇನೆ. ಅದೇ ನಿಲುಗಡೆಗಳಲ್ಲಿ ಹಬ್ಬಿನ ನಡುಭಾಗದ ಬಿಸಿಯನ್ನು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ನೋಡುತ್ತೇನೆ. ಬ್ರೇಕಿನ ಬಿಸಿ ಲೆಕ್ಕವನ್ನು ಕೆಡಿಸುವುದರಿಂದ ಆದಷ್ಟು ಬ್ರೇಕ್ ಒತ್ತದೆ, ವೇಗ ತಾನಾಗಿ ಇಳಿಯುವಂತೆ ಬಂದು ನಿಲ್ಲಿಸಬೇಕು. ನಾನು ನೋಡುವುದು ಅಂಕಿಯನ್ನಲ್ಲ, ಎಡಕ್ಕೂ ಬಲಕ್ಕೂ ಇರುವ ಅಂತರವನ್ನು. ಒಂದೇ ಆಕ್ಸಲ್ಲಿನ ಎರಡು ಹಬ್ಬುಗಳಲ್ಲಿ ಒಂದು ಸ್ಪಷ್ಟವಾಗಿ ಹೆಚ್ಚು ಬಿಸಿಯಾಗಿದ್ದರೆ ಮೊದಲು ಬ್ರೇಕ್ ಅಂಟಿಕೊಂಡಿದೆಯೇ ಎಂದು ನೋಡುತ್ತೇನೆ. ಅದು ಸರಿಯಿದ್ದರೆ ಪ್ರಯಾಣ ಮುಂದುವರಿಸದೆ ಆ ಕ್ಯಾಪನ್ನು ಅಲ್ಲಿಯೇ ತೆಗೆದು ನಟ್ಟಿನ ಪ್ಲೇ ಪರೀಕ್ಷಿಸುತ್ತೇನೆ.