ಹ್ಯಾಮರ್ ಮಿಲ್ಲಿಗೆ ಬೀಳುವ ಮೊದಲೇ ಪ್ಲಾಸ್ಟಿಕ್ ಹಿಡಿದೆ

ಕೋಳಿ ಫೀಡ್‌ನಲ್ಲಿ ಪ್ಲಾಸ್ಟಿಕ್ ಇದೆ ಅಂದಾಗ ನಮ್ಮ ಕಡೆಯ ಲೇಯರ್ (ಮೊಟ್ಟೆ ಕೋಳಿ) ಫಾರಂನವರೆಲ್ಲ ನಕ್ಕಿದ್ದರು. "ಊರ ಹಸುಗಳು ಇಡೀ ಕವರನ್ನೇ ನುಂಗ್ತವೆ, ನೀವು ದಾರ ಆರಿಸ್ತಾ ಕೂತಿದ್ದೀರಲ್ಲ ಸಾರ್!" ಅಂದರು. ಈಗ ಅವರಲ್ಲೇ ಒಂದಿಬ್ಬರು ಬಂದು ನನ್ನ ಬ್ಲೋವರ್‌ನ ಫೋಟೊ ತೆಗೆದುಕೊಂಡು ಹೋಗಿದ್ದಾರೆ.

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಟಾರ್ಪಾಲಿನ ಮೇಲೆ ಒಣಗಿ, ಬಿಸಿಲು ತಿಂದು ಪೆಡಸಾದ ಹಳೇ ಪ್ಲಾಸ್ಟಿಕ್ ಚೀಲ ತುಂಬುತ್ತದೆ. ಚೀಲ ಮುಟ್ಟಿದರೆ ಎಳೆ ಉದುರುತ್ತದೆ. ಆ ಎಳೆ ಕಾಳು ಪುಡಿ ಮಾಡುವ ಹ್ಯಾಮರ್ ಮಿಲ್ಲಿಗೆ ಹೋದರೆ ಮುಗಿಯಿತು, ಹೊರಗೆ ಬರುವಾಗ ಕಣ್ಣಿಗೆ ಕಾಣುವುದಿಲ್ಲ. 5 ಮಿಲಿಮೀಟರ್‌ಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ, ಅಲ್ವಾ? ಅದನ್ನು ತಯಾರಿಸುವ ಕಾರ್ಖಾನೆ ನಮ್ಮ ಮಿಲ್ಲೇ.

ಮೊದಲು ರೆಡಿ ಫೀಡನ್ನೇ ಜರಡಿ ಹಿಡಿದೆ. ಎಳೆ ಉದ್ದಕ್ಕೆ ನಿಂತು ತೂತಿನಿಂದ ಇಳಿದುಹೋಯಿತು. ವೈಬ್ರೇಟರ್ ಜರಡಿಗೆ ಕೊಟ್ಟ ಹತ್ತು ಹನ್ನೆರಡು ಸಾವಿರ ಮೂಲೆ ಸೇರಿತು. ಮ್ಯಾಗ್ನೆಟ್ ಮೊಳೆ ಹಿಡಿಯುತ್ತದೆ, ಚೀಲದ ಎಳೆಗೆ ಅದು ಏನು ಮಾಡೀತು?

ಆಮೇಲೆ ಕಣದಲ್ಲಿ ರಾಶಿ ತೂರುವ ಲೆಕ್ಕಕ್ಕೇ ವಾಪಸ್ ಬಂದೆ. ಇಡೀ ಕಾಳು ಮಿಲ್ಲಿನ ಬಾಯಿಯ ಹಾಪರ್‌ಗೆ ಬೀಳುವ ಜಾಗದಲ್ಲಿ ಅಡ್ಡಗಾಳಿ ಬಿಟ್ಟೆ. ಗುಜರಿಯ ಬ್ಲೋವರ್, ತಗಡು, ವೆಲ್ಡಿಂಗ್ ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಕಾಳು ಕೆಳಗೆ ಬಿತ್ತು. ಎಳೆ, ಸಿಪ್ಪೆ, ದೂಳು ಹಿಂದಿನ ಗೋಣಿಚೀಲ ಸೇರಿದವು. ಟನ್ನಿಗೆ ಒಂದು ಹಿಡಿಯಷ್ಟು ಪ್ಲಾಸ್ಟಿಕ್ ಸಿಗುತ್ತದೆ, ಕೆಟ್ಟ ಲೋಡ್ ಆದರೆ ಇನ್ನೂ ಜಾಸ್ತಿ. ಗಾಳಿಯ ಕೋನ ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ತುಂಬಾ ಕರೆಂಟ್ ಸುಟ್ಟಿದ್ದೇನೆ.

ಫೀಡಿಗೆ ಸೇರಿಸುವ ಸೋಯಾ ಹಿಂಡಿಗೆ ಈ ಗಾಳಿ ಆಗುವುದಿಲ್ಲ, ಹಿಂಡಿಯೇ ಹಾರುತ್ತದೆ. ಅದಕ್ಕೆ ಬೇರೆ ಉಪಾಯ ಇದೆ. ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಪರೀಕ್ಷೆಗೆ ಅಂತ ಫೀಡನ್ನು ಉಪ್ಪುನೀರಿಗೆ ಹಾಕಿ ನೋಡಿದೆ. ಚೀಲದ ಎಳೆ ತೇಲಿತು, ಜೊತೆಗೆ ಜೋಳದ ಹೊಟ್ಟೂ ತೇಲಿತು. ಚೀಲ ಹೊಲಿಯುವ ಪಾಲಿಯೆಸ್ಟರ್ ದಾರ ತಳ ಸೇರಿತು. ಕೊನೆಗೆ ಕೈಹಿಡಿದದ್ದು ಕಾದ ಸೂಜಿ. ಮುಟ್ಟಿಸಿದರೆ ಪ್ಲಾಸ್ಟಿಕ್ ಮುದುರಿ ಕರಗುತ್ತದೆ, ಹೊಟ್ಟು ಕರಕಲಾಗುತ್ತದೆ. ಭೂತಗನ್ನಡಿ ಇದ್ದರೆ ಸಾಕು.

ನಡುವೆ ಜೋಳದ ಬದಲಿಗೆ ಅಂತ ಬೇಕರಿ ವೇಸ್ಟಿನ ಮೇಲೂ ಕೈಯಿಟ್ಟೆ. ರೇಟು ಜೋಳಕ್ಕಿಂತ ಕಮ್ಮಿ ಇತ್ತು. ಆದರೆ ಬಿಸ್ಕತ್ತನ್ನು ಕವರ್ ಸಮೇತ ಪುಡಿ ಮಾಡಿದ್ದರು, ಬೆಳ್ಳಿ ಬಣ್ಣದ ಚೂರು ಮಿಂಚುತ್ತಿತ್ತು. ಯಾವ ಗಾಳಿಗೂ ಅದು ಬೇರೆಯಾಗಲಿಲ್ಲ. ಒಂದು ಲೋಡನ್ನು ತಿಪ್ಪೆಗೂ ಹಾಕದೆ ವಾಪಸ್ ಕಳಿಸಿದೆ, ಲಾರಿ ಬಾಡಿಗೆ ನನ್ನ ತಲೆಗೇ ಬಂತು.

ಮೊಟ್ಟೆ ಹೆಚ್ಚಾಯಿತು ಅಂತ ಸುಮ್ನೆ ಹೇಳುವುದಿಲ್ಲ, ಆಗಿಲ್ಲ. ಫೀಡನ್ನು ಮುಂದೆ ತಳ್ಳುವ ಫೀಡರ್ ಸ್ಕ್ರೂಗೆ ದಾರ ಸುತ್ತಿಕೊಂಡು ನಿಲ್ಲುವುದು ಮಾತ್ರ ಪೂರ್ತಿ ಹೋಯಿತು. ಸ್ಕ್ರೂ ನಿಂತು ಸುಡುತ್ತಿದ್ದ ಮೋಟಾರಿನ ರಿವೈಂಡಿಂಗ್ ಖರ್ಚು ಉಳಿದದ್ದರಲ್ಲೇ ಬ್ಲೋವರ್ ದುಡ್ಡು ವಾಪಸ್ ಬಂದಿದೆ. ಹುಡುಗರಿಗೂ ಕುಡುಗೋಲಿನಿಂದ ಚೀಲದ ಬಾಯಿ ಕುಯ್ಯುವುದು ಬಿಡಿಸಿದ್ದೇನೆ. ಹೊಲಿಗೆಯ ತುದಿ ಹಿಡಿದು ಎಳೆದರೆ ದಾರ ಇಡಿಯಾಗಿ ಕೈಗೆ ಬರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಇವತ್ತೇ ಶುರು ಮಾಡಬಹುದು.