ವಾರ್ಡಿನಲ್ಲಿರುವ ಹುಡುಗಿಗೆ ಮುಟ್ಟಾದರೆ

ಡೆಂಗಿಗೆ ದಾಖಲಾದ ಹದಿನಾಲ್ಕರ ಹುಡುಗಿಯ ಪ್ಲೇಟ್‌ಲೆಟ್ಟನ್ನು ದಿನದಿನವೂ ಎಣಿಸುತ್ತಾರೆ. ಕೊನೆಯ ಮುಟ್ಟಿನ ತಾರೀಖು ಮಾತ್ರ ಕೇಸ್ ಶೀಟಿನಲ್ಲಿ ಖಾಲಿ ಉಳಿಯುತ್ತದೆ. ಪ್ಲೇಟ್‌ಲೆಟ್ ಕುಸಿದ ಹೊತ್ತಿಗೇ ಮುಟ್ಟಾದರೆ ರಕ್ತಸ್ರಾವ ವಿಪರೀತವಾಗಬಹುದು. ಹಾಗಾಗಿ, ನರ್ಸ್‌ಗಳೇ, ದಾಖಲಾದ ದಿನವೇ ಕೇಳಿಬಿಡಿ.

ಅಮ್ಮ ಔಷಧಿ ತರಲು ಹೋದಾಗ ಪರದೆ ಎಳೆದು, ಮೆಲ್ಲಗೆ ಕೇಳಬೇಕು: ಹಿಂದಿನದು ಯಾವಾಗ ಆಯಿತು, ಎಷ್ಟು ದಿನ ಇರುತ್ತೆ, ದಿನಕ್ಕೆ ಎಷ್ಟು ಪ್ಯಾಡ್? ಕೆಲವರಿಗೆ ‘ಪಿರಿಯಡ್ಸ್’ ಅಂದರೆ ಸಲೀಸು, ಕೆಲವರಿಗೆ ‘ಹೊರಗಾಗೋದು’ ಅಂದರೇನೇ ತಿಳಿಯುವುದು. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಅಥವಾ ಕೀಮೋ (ಕ್ಯಾನ್ಸರ್ ಔಷಧಿ) ಇದ್ದರೆ ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡುವುದುಂಟು. ಏಕೆಂದು ಅವಳಿಗೆ ಮೊದಲೇ ಹೇಳಿ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. 18 ತುಂಬದವಳ ಲೈಂಗಿಕ ಸಂಪರ್ಕದ ವಿಷಯ ತಿಳಿದರೆ, ಅವಳು ಒಪ್ಪಿದ್ದಳೆಂದರೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಗುರುತು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದು ಬಹಳ ಆಸ್ಪತ್ರೆಗಳಿಗೆ ನೆನಪೇ ಇರುವುದಿಲ್ಲ.

ಸ್ರಾವ ಶುರುವಾದರೆ ಅಳೆಯುವ ಕ್ರಮ ಸುಲಭ. ಒಣ ಪ್ಯಾಡ್ ತೂಗಿ, ಒದ್ದೆಯಾದದ್ದನ್ನು ತೂಗಿ, ವ್ಯತ್ಯಾಸ ಬರೆಯಿರಿ: ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿ ರಕ್ತ. ‘ಜಾಸ್ತಿ ಹೋಗ್ತಿದೆ’ ಎಂಬ ಒಂದು ಸಾಲಿಗಿಂತ ಈ ಅಂಕಿ ಡಾಕ್ಟರಿಗೆ ಎಷ್ಟೋ ಉಪಯೋಗ. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಎರಡೂವರೆ ಸೆಂ.ಮೀ.ಗಿಂತ ದೊಡ್ಡ ರಕ್ತದ ಗಡ್ಡೆ ಬಿದ್ದರೆ, ತಲೆ ಸುತ್ತಿದರೆ ರೌಂಡ್ಸಿಗೆ ಕಾಯದೆ ಕರೆಯಿರಿ. ಸ್ರಾವ ಕಡಿಮೆಯಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಕ್ಯಾತಿಟರ್ (ಮೂತ್ರದ ನಳಿಕೆ) ಇದ್ದರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಬಳಸಿದ ಪ್ಯಾಡ್ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ. ಆ ದಿನ ಮೂತ್ರದ ಸ್ಯಾಂಪಲ್ ಕಳಿಸಿದರೆ ಫಾರಂ ಮೇಲೆ ‘ಮುಟ್ಟು’ ಎಂದು ಬರೆಯಿರಿ. ಇಲ್ಲದಿದ್ದರೆ ಕಿಡ್ನಿಯಿಂದ ರಕ್ತ ಬರುತ್ತಿದೆ ಎಂಬ ಅನುಮಾನ ಹುಟ್ಟುತ್ತದೆ.

ಹೊಟ್ಟೆನೋವಿಗೆ ಅಮ್ಮನ ಪರ್ಸಿನಲ್ಲಿ ಮೆಫೆನಮಿಕ್ ಆಸಿಡ್ ಮಾತ್ರೆ ಸಾಮಾನ್ಯವಾಗಿ ಇರುತ್ತದೆ. ಡೆಂಗಿಯಲ್ಲಿ, ಪ್ಲೇಟ್‌ಲೆಟ್ ಕಡಿಮೆ ಇರುವಾಗ, ಅದನ್ನೂ ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನೂ ಕೊಡಕೂಡದು, ರಕ್ತಸ್ರಾವ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಸಾಕು: ಕೆಜಿಗೆ 10ರಿಂದ 15 ಮಿ.ಗ್ರಾಂನಂತೆ, ಆರು ಗಂಟೆಯ ಅಂತರದಲ್ಲಿ. ಲಿವರ್ ಪರೀಕ್ಷೆ ಏರುಪೇರಾಗಿದ್ದರೆ ಇದನ್ನೂ ಡಾಕ್ಟರನ್ನು ಕೇಳಿಯೇ.

ಕೀಮೋ ಇರುವ ಹುಡುಗಿಗೆ ಪ್ಲೇಟ್‌ಲೆಟ್ ಬೀಳುವ ಮೊದಲೇ ಮುಟ್ಟು ನಿಲ್ಲಿಸುವ ಹಾರ್ಮೋನು ಮಾತ್ರೆ ಶುರುಮಾಡುವುದು ಒಳ್ಳೆಯದು. ಎಡವಟ್ಟಾಗುವುದು ಡಿಸ್ಚಾರ್ಜ್ ಚೀಟಿಯಲ್ಲಿ. ಈ ಹಾರ್ಮೋನು ಮಾತ್ರೆಯ, ಅಂದರೆ ನಾರ್ಎಥಿಸ್ಟೆರೋನ್‌ನ, ಹೆಸರು ಬಿಟ್ಟುಹೋಗಿ ಮಾತ್ರೆ ನಿಂತರೆ ಎರಡು-ಮೂರು ದಿನದಲ್ಲಿ ಸ್ರಾವ ಶುರುವಾಗುತ್ತದೆ, ಅದೂ ಪ್ಲೇಟ್‌ಲೆಟ್ ಎಣಿಕೆ ತಳಕಂಡಿರುವಾಗ. ಚೀಟಿಯಲ್ಲಿ ಮಾತ್ರೆಯ ಹೆಸರು, ಎಷ್ಟು ದಿನಕ್ಕೆ, ಯಾರನ್ನು ಕೇಳಿ ನಿಲ್ಲಿಸಬೇಕು, ಇಷ್ಟನ್ನೂ ಬರೆಸಿಕೊಳ್ಳಿ. ಪ್ಲೇಟ್‌ಲೆಟ್ ಸರಿಯಿದ್ದರೂ ಮೊದಲ ಮುಟ್ಟಿನಿಂದಲೇ ಸ್ರಾವ ಜಾಸ್ತಿಯಿದ್ದು, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದಿದ್ದರೆ, ವಾನ್ ವಿಲ್ಲೆಬ್ರಾಂಡ್ (ರಕ್ತ ಸರಿಯಾಗಿ ಹೆಪ್ಪುಗಟ್ಟದ, ಹುಟ್ಟಿನಿಂದ ಬರುವ ಕಾಯಿಲೆ) ಪರೀಕ್ಷೆ ಮಾಡಿಸುವ ಬಗ್ಗೆಯೂ ಕೇಳಿ.